ಎಲ್ಲರ ಮನೆಯ ಸ್ವೆಟರ್ ಮಷೀನು

ನನಗೊಂದು ಸಣ್ಣ ಭಯವಿದೆ. ಯಾರಿಗೂ ಹೇಳಿಲ್ಲ, ನನ್ನೊಳಗೇ ಇಟ್ಟುಕೊಂಡಿದ್ದೇನೆ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡವರು ಯಾರಾದರೂ ನಾನಿರುವ ಈ ಹೆಣಿಗೆಯ ಹಾಲ್‌ನೊಳಗೆ ಬಂದರೆ, ಇವರು ನನ್ನನ್ನು ಗುರುತು ಹಿಡಿದುಬಿಟ್ಟರೆ ಎಂದು ಈಗಲೂ ಎದೆ ಬಿಗಿಯುತ್ತದೆ. ಕಬ್ಬಿಣಕ್ಕೆ ಎದೆ ಎಲ್ಲಿಯದು ಎಂದು ಕೇಳಬೇಡಿ. ಇಷ್ಟು ವರ್ಷ ಮನುಷ್ಯರ ಮನೆಗಳಲ್ಲಿದ್ದ ಮೇಲೆ ಅದೂ ಬಂದುಬಿಡುತ್ತದೆ.

ನಾನು ಒಂದು ಸ್ವೆಟರ್ ಮಷೀನು. ಲುಧಿಯಾನದ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಹುಟ್ಟಿದವಳು. ಮೈಗೆ ಪಾಚಿ ಹಸಿರು ಬಣ್ಣ, ಮೇಲೆ ಬಾಚಣಿಗೆಯ ಹಲ್ಲಿನಂತೆ ಸೂಜಿಗಳ ಸಾಲು. ಆ ಸಾಲಿನ ಮೇಲೆ ಎಡಕ್ಕೂ ಬಲಕ್ಕೂ ಓಡುವ ಒಂದು ಹಿಡಿ. ಅದನ್ನು ತಳ್ಳಿದರೆ ನಾನು ಕರ್ರ್ ಎಂದು ಒಂದು ಸಾಲು ಹೆಣೆಯುತ್ತೇನೆ, ಎಳೆದರೆ ಇನ್ನೊಂದು. ನನಗೆ ಬರುವ ಮಾತು ಅಷ್ಟೇ. ಲಾರಿಯಿಂದ ಇಳಿಸುವಾಗ ಕೈಜಾರಿ ಬಿದ್ದು ನನ್ನ ಬಲಮೂಲೆಯ ಬಣ್ಣ ಎದ್ದುಹೋಯಿತು. ಮಾವಿನಕಾಯಿಯ ಆಕಾರದ ಗಾಯ. ನನ್ನ ಭಯವೆಲ್ಲ ಆ ಗಾಯದ್ದೇ.

ತುಮಕೂರಿಗೆ ನಾನು ಬಂದದ್ದು ಸರ್ಕಾರದ ಹೊಸ ಯೋಜನೆಯ ಜೊತೆಗೆ. ದೇಶದೇಶಗಳಲ್ಲಿ ಆರ್ಥಿಕ ಹಿಂಜರಿತ ಬಂದು, ಊರಾಚೆಯ ಬಿಡಿಭಾಗಗಳ ಕಾರ್ಖಾನೆ ಬಾಗಿಲು ಹಾಕಿತ್ತು. ಅಲ್ಲಿ ದುಡಿಯುತ್ತಿದ್ದ ಫಿಟ್ಟರುಗಳು, ಗುಮಾಸ್ತರು, ಸೂಪರ್‌ವೈಸರುಗಳು ಕಟ್ಟಿಕೊಂಡ ಒಂದು ಬಡಾವಣೆಯಿತ್ತು. ಆ ಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸಬೇಕು, ಮನೆಗೊಂದು ಯಂತ್ರ ಕೊಟ್ಟರೆ ಹೆಂಗಸರು ದುಡಿದು ಸಂಸಾರ ಸರಿದೂಗಿಸುತ್ತಾರೆ ಎಂಬುದು ಯೋಜನೆ. ಶಾಮಿಯಾನದ ಕೆಳಗೆ ನನಗೂ ನನ್ನ ಜೊತೆಯವರಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ಮಧ್ಯಮ ವರ್ಗವೇ ನಾಡಿನ ಬೆನ್ನುಮೂಳೆ ಎಂದು ವೇದಿಕೆಯ ಮೇಲೆ ಯಾರೋ ಭಾಷಣ ಮಾಡಿದರು. ನಾನು ಎದುರಿಗೆ ಕುಳಿತವರನ್ನು ನೋಡಿದೆ. ಬೆನ್ನು ನೆಟ್ಟಗೇ ಇತ್ತು. ಯಾರ ಮುಂದೆಯೂ ಬಗ್ಗಿ ಒಂದು ಮಾತು ಕೇಳಲಾರದಷ್ಟು ನೆಟ್ಟಗೆ.

ನನ್ನನ್ನು ಕರೆದುಕೊಂಡು ಹೋದದ್ದು ಷಡಕ್ಷರಯ್ಯನವರ ಮನೆಗೆ. ಅವರು ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸದಲ್ಲಿದ್ದವರು. ಹೆಂಡತಿ ಸರ್ವಮಂಗಳಮ್ಮ. ಒಬ್ಬಳೇ ಮಗಳು ವಿನುತಾ, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಅವಳ ದನಿ ಎಷ್ಟು ಸಣ್ಣದೆಂದರೆ, ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಅಂದ 'ಪ್ರೆಸೆಂಟ್' ಮೇಷ್ಟರಿಗೆ ಕೇಳಿಸದೆ, ಎದುರಿಗೇ ಇದ್ದೂ ಗೈರುಹಾಜರಾಗಿಬಿಡುತ್ತಿದ್ದಳಂತೆ. ಅವಳಮ್ಮ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ವಿನುತಾಳೂ ತಲೆ ಬಗ್ಗಿಸಿ ನಗುತ್ತಿದ್ದಳು.

ನನ್ನ ಕೈಹಿಡಿದವಳು ಅವಳೇ. ದಾರ ಪೋಣಿಸುವುದು, ಹೆಣಿಗೆ ಜಗ್ಗಿ ನಿಲ್ಲಲು ತೂಕ ಕಟ್ಟುವುದು, ಕುತ್ತಿಗೆಯ ಹತ್ತಿರ ಹೆಣಿಗೆಯ ಕಣ್ಣು ಕಡಿಮೆ ಮಾಡುವುದು ಎಲ್ಲವನ್ನೂ ಬೇಗ ಕಲಿತಳು. ಮಧ್ಯಾಹ್ನ ಕಿಟಕಿಯ ಬಿಸಿಲು ನನ್ನ ಮೇಲೆ ಬೀಳುವ ಹೊತ್ತಿಗೆ ನಾವಿಬ್ಬರೂ ಕೆಲಸದಲ್ಲಿರುತ್ತಿದ್ದೆವು. ಕರ್ರ್, ಕರ್ರ್. ಷಡಕ್ಷರಯ್ಯನವರು ಪಕ್ಕದಲ್ಲಿ ಕುಳಿತು ತೋಳಿನ ಉದ್ದಕ್ಕೆ ಟೇಪು ಹಿಡಿಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಚ್ಚು ಎನ್ನುತ್ತಿದ್ದರು. ಇದು ಉಲ್ಲನ್ ಕಣ್ರೀ, ನಿಮ್ಮ ಗೇರ್ ಅಲ್ಲ, ಮಗು ಮೈಗೆ ಹಾಕ್ಕೊಂಡ ಮೇಲೆ ಹಿಗ್ಗತ್ತೆ ಎಂದು ಸರ್ವಮಂಗಳಮ್ಮ ಒಳಗಿನಿಂದ ಕೂಗುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ವಿನುತಾ ನನ್ನ ಮೇಲೊಂದು ಹಲಗೆ ಹಾಕಿ ಡೈರಿ ಬರೆಯುತ್ತಿದ್ದಳು. ನನಗೆ ಓದಲು ಬರುವುದಿಲ್ಲ. ಪೆನ್ನಿನ ಭಾರ ಮಾತ್ರ ತಿಳಿಯುತ್ತಿತ್ತು. ಬಾಯಲ್ಲಿ ಅಷ್ಟು ಹಗುರವಾದವಳು ಕಾಗದದ ಮೇಲೆ ಒತ್ತಿ ಬರೆಯುತ್ತಿದ್ದಳು.

ಆ ಮನೆಯಲ್ಲಿ ಹಳೆಯ ದಿನಗಳ ಮಾತು ಆಗಾಗ ಬರುತ್ತಿತ್ತು. ಕಾರ್ಖಾನೆಯ ಸೈರನ್ ಕೇಳಿ ಅನ್ನಕ್ಕಿಡುತ್ತಿದ್ದದ್ದು, ಸಂಬಳದ ದಿನ ಮೂವರೂ ಸ್ಕೂಟರಿನಲ್ಲಿ ಮಸಾಲೆ ದೋಸೆಗೆ ಹೋಗುತ್ತಿದ್ದದ್ದು, ಬೋನಸ್ಸಿನಲ್ಲಿ ಫ್ರಿಜ್ ತಂದಾಗ ಬೀದಿಯವರೆಲ್ಲ ಬಂದು ಐಸ್ ನೋಡಿ ಹೋದದ್ದು. ನಾನು ಕಾಣದ ಆ ದಿನಗಳು ಕೇಳಿ ಕೇಳಿ ನನ್ನವೇ ಆಗಿಬಿಟ್ಟಿವೆ. ನಾನು ಬರುವ ಹೊತ್ತಿಗೆ ಆ ಫ್ರಿಜ್ಜಿಗೆ ಕರೆಂಟು ಕೊಡುವುದನ್ನು ನಿಲ್ಲಿಸಿದ್ದರು. ಅದರೊಳಗೆ ಉಲ್ಲನ್ ಉಂಡೆಗಳಿದ್ದವು. ಮೇಲೆ ಕ್ರೋಷಾ ಬಟ್ಟೆ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬದಲಾಗುತ್ತಿತ್ತು.

ಸ್ವೆಟರುಗಳೇನೋ ಆದವು, ಕೊಳ್ಳುವವರಿರಲಿಲ್ಲ. ಶಾಲೆಗಳಿಗೆ ಹೊರಗಿನಿಂದ ಗಂಟುಗಟ್ಟಲೆ ಬರುತ್ತಿದ್ದವು. ವಿನುತಾಳ ಸ್ವೆಟರುಗಳು ನೆಂಟರಿಷ್ಟರ ಮಕ್ಕಳ ಮೈ ಸೇರಿ, ಆಮೇಲೆ ಬೀರು ಸೇರಿದವು. ಉಳಿದ ಮನೆಗಳಲ್ಲಿ ನನ್ನ ಜೊತೆಯವರು ಒಬ್ಬೊಬ್ಬರಾಗಿ ಮಾಯವಾದರು. ಮುಮ್ತಾಜ್ ಅವರ ಮನೆಯದು ಆಸ್ಪತ್ರೆಯ ಖರ್ಚಿಗೆ ಹೋಯಿತು, ಇನ್ನೊಂದು ಮನೆಯದು ಮಗನ ಫೀಸಿಗೆ. ಎದುರುಮನೆಯ ಅಂಬುಜಾಕ್ಷಮ್ಮ ಸೂಪರ್‌ವೈಸರರ ಹೆಂಡತಿ. ಅವರದು ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗಿನವರು ಕೇಳಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ, ಸರ್ವೀಸಿಗೆ ಹೋಗಿದೆ. ಬಡಾವಣೆಯ ಮಷೀನುಗಳೆಲ್ಲ ಸರ್ವೀಸಿಗೆ ಹೋಗಿದ್ದವು. ಯಾವುದೂ ವಾಪಸು ಬರಲಿಲ್ಲ.

ಆಗ ಇಲಾಖೆಯ ಅಧಿಕಾರಿ ತಿಪ್ಪೇರುದ್ರಪ್ಪನವರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಮನೆಯಲ್ಲಿ ಮಷೀನು ಕಾಣದಿದ್ದರೆ ಸಹಾಯಧನ ಹಿಂದಕ್ಕೆ ಕಟ್ಟಬೇಕು. ಅದಕ್ಕಿಂತ ದೊಡ್ಡ ಭಯ, ಮಾರಿಕೊಂಡೆವೆಂಬುದು ಬೀದಿಗೆ ಗೊತ್ತಾಗುವುದು. ಅಂಬುಜಾಕ್ಷಮ್ಮ ಹಿತ್ತಲ ಬಾಗಿಲಿಂದ ಬಂದು ಸರ್ವಮಂಗಳಮ್ಮನ ಪಕ್ಕ ಕುಳಿತು, ಬೇರೆ ಏನೇನೋ ಮಾತಾಡಿ, ಎದ್ದು ಹೊರಡುವಾಗ ನನ್ನ ಕಡೆ ನೋಡದೆಯೇ, ಒಂದರ್ಧ ಗಂಟೆ ಕಳಿಸಿಕೊಡೇ ಮಂಗಳಾ ಎಂದರು.

ಹಾಗೆ ನನ್ನ ಸಂಚಾರ ಶುರುವಾಯಿತು. ನನ್ನನ್ನು ಹೊತ್ತದ್ದು ಇಸ್ತ್ರಿಯ ಮುನಿಯಣ್ಣನ ತಳ್ಳುಗಾಡಿ. ಬೆಡ್‌ಶೀಟು ಹೊದಿಸಿ, ಮೇಲೆ ನಾಲ್ಕು ಇಸ್ತ್ರಿಯಾದ ಅಂಗಿ ಇಟ್ಟು ತಳ್ಳುತ್ತಿದ್ದ. ಸೂಜಿ ಸರಿಮಾಡಲು ವಿನುತಾ ಹಿಂದೆ ಬರುತ್ತಿದ್ದಳು. ನನ್ನನ್ನು ನಿಲ್ಲಿಸಿ, ದಾರ ಹಾಕಿ, ಅರ್ಧ ಹೆಣೆದ ತೋಳು ನೇತುಬಿಟ್ಟು, ಅಡುಗೆಮನೆಯಲ್ಲಿ ಅಡಗುತ್ತಿದ್ದಳು. ಮನೆಯೊಡತಿ ನನ್ನ ಮುಂದೆ ಕುಳಿತು ಹಿಡಿಯನ್ನು ಅತ್ತಿಂದಿತ್ತ ಎಳೆಯುತ್ತಿದ್ದಳು. ತಿಪ್ಪೇರುದ್ರಪ್ಪನವರು ಬಂದು ನೋಡಿ ಫೋಟೋ ತೆಗೆಯುತ್ತಿದ್ದರು. ನಾನೊಬ್ಬಳೇ ಅಲ್ಲ, ಗಿಳಿಚಿತ್ರದ ಕಾಫಿ ಕಪ್ಪುಗಳೂ ಅದೇ ಗಾಡಿಯಲ್ಲಿ ಬರುತ್ತಿದ್ದವು. ಒಳ್ಳೆಯ ಕಪ್ಪುಗಳು ಅಂತ ಉಳಿದಿದ್ದದ್ದು ಸರ್ವಮಂಗಳಮ್ಮನ ಹತ್ತಿರ ಮಾತ್ರ.

ಒಂದು ದಿನ ತಿಪ್ಪೇರುದ್ರಪ್ಪನವರು ಮುಮ್ತಾಜ್ ಮನೆ ನೋಡಿ, ಪಕ್ಕದ ಮನೆಯನ್ನೂ ಈಗಲೇ ನೋಡಿಬಿಡ್ತೀನಿ ಎಂದುಬಿಟ್ಟರು. ಹೆಂಗಸರ ಮುಖ ಬಿಳಿಚಿಕೊಂಡಿತು. ಉಪ್ಪಿಟ್ಟು ತಿನ್ನದೆ ಹೋಗಬಾರದು ಎಂದು ಅವರನ್ನು ವರಾಂಡದಲ್ಲಿ ಕೂರಿಸಿದರು. ಉಪ್ಪಿಟ್ಟಾದ ಮೇಲೆ ಬಾಳೆಹಣ್ಣು, ಆಮೇಲೆ ಎಲೆ ಅಡಿಕೆ. ಅಷ್ಟರಲ್ಲಿ ಮುನಿಯಣ್ಣ ಹಿಂದಿನ ಓಣಿಯಲ್ಲಿ ಗಾಡಿ ತಳ್ಳುತ್ತ ಏದುಸಿರು ಬಿಡುತ್ತಿದ್ದ.

"ಬಟ್ಟೆಗೆ ಇಸ್ತ್ರಿ ಹಾಕಿದ್ದಾಯ್ತು ವಿನುತಮ್ಮ, ಈಗ ಬೀದಿಯೋರೆಲ್ಲರ ಮಾನಕ್ಕೂ ನಾನೇ ಹಾಕ್ಬೇಕು ನೋಡಿ."

ವಿನುತಾ ನಗಲಿಲ್ಲ. ನನ್ನ ಬಲಮೂಲೆಯ ಗಾಯದ ಮೇಲೆ ಬೆಡ್‌ಶೀಟು ಸರಿಮಾಡಿದಳು. ಅವಳ ಕೈ ತಣ್ಣಗಿತ್ತು. ನನ್ನ ಭಯವೇ ಅವಳಿಗೂ ಇದೆಯೆಂದು ಆಗ ತಿಳಿಯಿತು.

ತಪಾಸಣೆ ಮುಗಿಯುವ ದಿನ ನಾನು ಅಂಬುಜಾಕ್ಷಮ್ಮನ ನಡುಮನೆಯಲ್ಲಿದ್ದೆ. ಬಡಾವಣೆಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು, ಷಡಕ್ಷರಯ್ಯನವರೂ ಬಾಗಿಲ ಬಳಿ ನಿಂತಿದ್ದರು. ತಿಪ್ಪೇರುದ್ರಪ್ಪನವರು ಯೋಜನೆಯ ಮುಂದಿನ ಹಂತವನ್ನು ವಿವರಿಸಿದರು. ಸರ್ಕಾರಿ ಹಾಸ್ಟೆಲ್ ಮಕ್ಕಳ ಸ್ವೆಟರುಗಳನ್ನು ಇನ್ನು ಮುಂದೆ ಇಂಥ ಮನೆಗಳಿಂದಲೇ ಕೊಳ್ಳುತ್ತಾರಂತೆ. ಹೆಣೆಯಲು ಹೊಸ ಯಂತ್ರಗಳೂ ಅವನ್ನಿಡಲು ಒಂದು ದೊಡ್ಡ ಹಾಲ್ ಕೂಡ ಸಿಗುತ್ತವಂತೆ. ಆದರೆ ಜಿಲ್ಲೆಯಲ್ಲಿ ಸದ್ಯಕ್ಕೆ ಒಂದೇ ಬಡಾವಣೆಗೆ, ಅದೂ ಕಷ್ಟದಲ್ಲಿರುವ ಕಡೆಗೆ.

"ನಿಮ್ಮಲ್ಲಿ ಎಲ್ಲಾ ಮನೇಲೂ ಮಷೀನು ಓಡ್ತಿದೆ. ಹಾಗಾಗಿ ಅದು ಬೇರೆ ಊರಿಗೆ ಹೋಗತ್ತೆ," ಎಂದರು.

ಅಡುಗೆಮನೆಯ ಬಾಗಿಲ ಸಂದಿಯಿಂದ ವಿನುತಾ ಕಾಣುತ್ತಿದ್ದಳು, ಕೈಯಲ್ಲಿ ಗಿಳಿ ಕಪ್ಪುಗಳ ತಟ್ಟೆ. ಬೀರು ತುಂಬ ಮಡಿಸಿಟ್ಟ ಅವಳ ಸ್ವೆಟರುಗಳು ನನ್ನ ನೆನಪಿಗೆ ಬಂದವು. ನನಗೆ ಬಾಯಿದ್ದಿದ್ದರೆ ಎಂದುಕೊಂಡೆ.

ತಿಪ್ಪೇರುದ್ರಪ್ಪನವರು ಕಾಫಿ ಕಪ್ಪನ್ನು ತಿರುಗಿಸಿ ಗಿಳಿಯನ್ನು ನೋಡಿದರು. ಮತ್ತೆ ಎದ್ದು ನನ್ನ ಹತ್ತಿರ ಬಂದು, ಬಲಮೂಲೆಯ ಗಾಯದ ಮೇಲೆ ಬೆರಳಾಡಿಸಿದರು. ನಿಧಾನವಾಗಿ, ಹಳೆಯ ಪರಿಚಯದವರ ಹಾಗೆ.

"ಏನಾದ್ರೂ ತೊಂದ್ರೆ ಇದ್ರೆ ಹೇಳಿ. ನೀವು ಬಾಯ್ಬಿಟ್ಟು ಹೇಳದೆ ನಾನಾಗೇ ಬರೆಯೋಕೆ ಬರಲ್ಲ."

"ತೊಂದ್ರೆ ಏನೂ ಇಲ್ಲ ಸಾರ್," ಎಂದರು ಅಂಬುಜಾಕ್ಷಮ್ಮ. "ನಮ್ಮ ಬೀದೀಲಿ ಯಾರಿಗೂ ಯಾವುದಕ್ಕೂ ಕೊರತೆ ಇಲ್ಲ." ಅವರ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು. ಸರ್ವಮಂಗಳಮ್ಮ ನೆಲ ನೋಡಿದರು. ಷಡಕ್ಷರಯ್ಯನವರು ಜೇಬಿನ ಟೇಪನ್ನು ಎಳೆದರು, ಬಿಟ್ಟರು.

ಆಮೇಲೆ ಆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲವೂ ಒಳ್ಳೆಯದೇ ಆಗಲಿಲ್ಲ. ಕೆಲವರು ಸಹಾಯಧನವನ್ನು ಕಂತಿನಲ್ಲಿ ಹಿಂದಕ್ಕೆ ಕಟ್ಟಿದರು. ಅಂಬುಜಾಕ್ಷಮ್ಮ ಯುಗಾದಿಯಿಂದ ದೀಪಾವಳಿಯವರೆಗೂ ಷಡಕ್ಷರಯ್ಯನವರ ಮನೆಯ ಹೊಸ್ತಿಲು ತುಳಿಯಲಿಲ್ಲ. ತುಳಿದ ದಿನ ಕೈಯಲ್ಲಿ ಉಲ್ಲನ್ ಉಂಡೆಯಿತ್ತು. ನನಗೂ ಕಲಿಸೇ ವಿನುತಾ, ಆ ದಿನ ಸುಮ್ಮನೆ ಹಿಡಿ ಎಳೆದೆ ಅಷ್ಟೆ ಎಂದರು. ಹಾಸ್ಟೆಲಿನ ಕೆಲಸ ತಡವಾಗಿ ಬಂತು, ಮೊದಲ ವರ್ಷ ಕೇಳಿದ್ದರಲ್ಲಿ ಅರ್ಧ ಮಾತ್ರ. ಈಗ ಈ ಹಾಲ್‌ನಲ್ಲಿ ಮೋಟಾರಿನ ತಂಗಿಯರು ದಿನವಿಡೀ ಗುಂಯ್‌ಗುಡುತ್ತಾರೆ. ನಾನು ಕಿಟಕಿಯ ಮೂಲೆಯಲ್ಲಿದ್ದೇನೆ, ತಲೆಯ ಮೇಲೊಂದು ಮನಿಪ್ಲಾಂಟಿನ ಬಾಟಲಿ. ಮೂಲೆಯ ಗಾಯಕ್ಕೆ ಬಣ್ಣ ಹಚ್ಚಬೇಡಿ ಎಂದು ವಿನುತಾ ಹೇಳಿದ್ದಾಳೆ. ಸಂಜೆ ಎಲ್ಲರೂ ಹೋದ ಮೇಲೆ ಅವಳು ಒಮ್ಮೊಮ್ಮೆ ನನ್ನ ಹಿಡಿಯನ್ನು ಒಂದು ಸಲ ಎಳೆಯುತ್ತಾಳೆ. ಕರ್ರ್. ಆಗ ಮಧ್ಯಾಹ್ನದ ಆ ಬಿಸಿಲು, ಟೇಪು ಹಿಡಿದ ಷಡಕ್ಷರಯ್ಯನವರು, ಒಳಗಿನಿಂದ ಕೂಗುವ ಸರ್ವಮಂಗಳಮ್ಮ, ಎಲ್ಲ ಮರಳಿ ಬರುತ್ತದೆ. ಕೊನೆಗೆ ನನ್ನ ನೆನಪು ಅಂಬುಜಾಕ್ಷಮ್ಮನ ಆ ನಡುಮನೆಗೇ ಹೋಗಿ ನಿಲ್ಲುತ್ತದೆ.

ತಿಪ್ಪೇರುದ್ರಪ್ಪನವರು ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು. ಹೊರಡುವಾಗ ಎಲ್ಲರೂ ಅನ್ನುವಂತೆ, ಯಾರನ್ನೂ ನೋಡದೆ, "ಸರಿ ಹಾಗಾದ್ರೆ. ಎಲ್ಲಾ ಚೆನ್ನಾಗಿದೀರಿ," ಎಂದರು.

ಅಡುಗೆಮನೆಯ ಬಾಗಿಲು ಸರಿಯಿತು. ವಿನುತಾ ತಟ್ಟೆಯನ್ನು ತಂದು ನನ್ನ ಸೂಜಿಗಳ ಪಕ್ಕದಲ್ಲಿ ಇಟ್ಟಳು. ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವಳ ಎಡಗೈ ನನ್ನ ಗಾಯದ ಮೇಲಿತ್ತು, ಈ ಸಲ ಮುಚ್ಚುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ. ದನಿ ನಡುಗುತ್ತಿತ್ತು. ಆದರೂ ಬಾಗಿಲ ಬಳಿಯಿದ್ದ ಅವಳಪ್ಪನಿಗೂ, ಹೊರಗೆ ಗಾಡಿ ಹಿಡಿದು ನಿಂತಿದ್ದ ಮುನಿಯಣ್ಣನಿಗೂ ಕೇಳಿಸಿತು.

"ಇಲ್ಲ ಸಾರ್. ನಾವ್ಯಾರೂ ಚೆನ್ನಾಗಿಲ್ಲ. ನೀವು ಎಲ್ಲರ ಮನೇಲೂ ನೋಡಿದ್ದು ಇದೊಂದೇ ಮಷೀನು."