ಕಂಪನಿಯದಲ್ಲದ ಬ್ಯಾಟರಿ

ಸತ್ಯಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಫೋಟೋ ಸ್ಟುಡಿಯೋ ಇಟ್ಟುಕೊಂಡವನು ಗಿರಾಕಿಯ ಮುಂದೆ ಒಂದೆರಡು ಸಿಹಿ ಸುಳ್ಳು ಹೇಳದಿದ್ದರೆ ಬದುಕುವುದು ಹೇಗೆ, ನೀವೇ ಹೇಳಿ. ಪಾಸ್‌ಪೋರ್ಟ್ ಫೋಟೋ ಕೈಗೆ ತೆಗೆದುಕೊಂಡು 'ಚೆನ್ನಾಗಿ ಬಂದಿದೆಯಾ?' ಎಂದು ಕೇಳುವವರು ಹೌದು ಅನ್ನಿಸಿಕೊಳ್ಳುವುದಕ್ಕೇ ಕೇಳುತ್ತಾರೆ. ನಮ್ಮ ಸತ್ಯಣ್ಣನೋ, ಫೋಟೋವನ್ನೂ ಎದುರಿಗಿರುವ ಮುಖವನ್ನೂ ಒಮ್ಮೆ ಹೋಲಿಸಿ ನೋಡಿ, 'ಇದ್ದ ಹಾಗೇ ಬಂದಿದೆ' ಅನ್ನುತ್ತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆಯಿದೆ. ಇವನಿಗೆ ಇನ್ನೂ ಯಾರೂ ಒದ್ದಿರಲಿಲ್ಲ ಅನ್ನುವುದು ಅವನ ಪುಣ್ಯ.

ಇಂಥವನು ಕ್ಯಾಮೆರಾದ ವಿಷಯದಲ್ಲಿ ಹೇಗಿರುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವೂ ಕಂಪನಿಯದೇ ಆಗಬೇಕು. ಕ್ಯಾಮೆರಾ ಮಾಡಿದವರೇ ಮಾಡಿದ ಹೆಗಲಿಗೆ ಹಾಕುವ ಪಟ್ಟಿ, ಅವರೇ ಮಾಡಿದ ಚಾರ್ಜರ್, ಅವರದೇ ಬ್ಯಾಟರಿ. ಒಮ್ಮೆ ಲೆನ್ಸಿನ ಮುಚ್ಚಳ ಕಳೆದುಹೋಯಿತು. ಕಂಪನಿಯ ಮುಚ್ಚಳ ಬರುವ ತನಕ ಲೆನ್ಸಿಗೆ ಮಗಳ ಹಳೇ ಕಾಲುಚೀಲ ತೊಡಿಸಿಕೊಂಡು ಊರೆಲ್ಲ ಓಡಾಡಿದನೇ ಹೊರತು ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಬೇರೆ ಮುಚ್ಚಳ ಮುಟ್ಟಲಿಲ್ಲ. ಕಾಲುಚೀಲ ಯಾವ ಕಂಪನಿಯದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕೇಳುವುದಿದ್ದರೆ ಹೆಂಡತಿಯೇ ಕೇಳಬೇಕು. ಸ್ಟುಡಿಯೋದ ಕೌಂಟರು, ಪ್ರಿಂಟರು, ಕತ್ತರಿ ಎಲ್ಲ ಅವಳ ಸುಪರ್ದು. ಗಂಡನ ಬ್ಯಾಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಹೊಟ್ಟೆ ತುಂಬಿಸಿದರೆ ಮಧ್ಯಾಹ್ನಕ್ಕೆ ಏದುಸಿರು ಬಿಡುತ್ತಿತ್ತು. ಹೊಸದಕ್ಕೆ ಹೇಳಿದರೆ ಅಂಗಡಿಯವನದು ಒಂದೇ ಪಲ್ಲವಿ: ಬರುತ್ತೆ, ದಾರಿಯಲ್ಲಿದೆ. ಅವಳು ಕಾದು ಕಾದು ರೋಸಿಹೋಗಿ, ತಾನೇ ಹೋಗಿ ಬೇರೆ ಕಂಪನಿಯ ಬ್ಯಾಟರಿಯೊಂದನ್ನು ತಂದಳು. ಸಿಕ್ಕಿದ್ದನ್ನು ಎತ್ತಿಕೊಂಡು ಬರುವ ಪೈಕಿಯಲ್ಲ ಅವಳು. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರಿದೆಯೇ, ಕೆಟ್ಟರೆ ಬದಲಾಯಿಸಿ ಕೊಡುತ್ತಾರೆಯೇ, ಬಿಸಿಯಾದರೆ ತಾನೇ ನಿಲ್ಲುತ್ತದೆಯೇ ಎಂದೆಲ್ಲ ಅಂಗಡಿಯವನ ತಲೆ ತಿಂದು ತಂದದ್ದು.

ಸತ್ಯಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಲ ಹಿಡಿದ ಇಲಿಯನ್ನು ನೋಡುವ ಹಾಗೆ ನೋಡಿ, ನಕಲಿ ಎಂದ.

"ಅಲ್ಲಾ ರೀ, ಕಂಪನಿ ಹೆಸರನ್ನ ಕದ್ದು ಹಾಕ್ಕೊಂಡಿದ್ರೆ ಅದು ನಕಲಿ," ಎಂದಳು ಹೆಂಡತಿ. "ಇದು ತನ್ನ ಹೆಸರನ್ನೇ ಹಾಕ್ಕೊಂಡಿದೆ. ಇದು ಹೇಗೆ ನಕಲಿ ಆಗುತ್ತೆ? ಬೇರೆಯವರ ಮನೆಯ ಕೂಸು, ಅಷ್ಟೇ."

ಮೂಲೆಯ ಬೆಂಚಿನ ಮೇಲೆ ಕೂತು ಫೋಟೋಗಳ ಅಂಚು ಕತ್ತರಿಸಿಕೊಡುತ್ತಿದ್ದ ಅವಳ ತಾಯಿ, ಅಂದರೆ ಸತ್ಯಣ್ಣನ ಅತ್ತೆಯೂ ಒಂದು ಮಾತು ಸೇರಿಸಿದರು. ತನ್ನ ಬಾಯಲ್ಲಿರುವ ಒಂದು ಹಲ್ಲೂ ದೇವರ ಕಂಪನಿಯದಲ್ಲ, ಹಾಗಂತ ಅಳಿಯಂದಿರು ಉಣ್ಣಬೇಡಿ ಅನ್ನುತ್ತಾರೇನು ಎಂದು. ಸತ್ಯಣ್ಣ ಬ್ಯಾಟರಿಯನ್ನು ಖಾನೆಯಲ್ಲಿಟ್ಟು ಬಾಗಿಲು ಮುಚ್ಚಿದ. ಹೆಂಡತಿ ಅವನು ಅತ್ತ ಹೋದ ಕೂಡಲೇ ಅದನ್ನು ತೆಗೆದು ಪೂರ್ತಿ ಚಾರ್ಜು ಮಾಡಿ, ಕ್ಯಾಮೆರಾ ಚೀಲದ ಪಕ್ಕದ ಜೇಬಿಗೆ ತುರುಕಿದಳು.

ಅದೇ ವಾರ ಫೋನು ಬಂತು. ಅತ್ತೆಯ ತಂಗಿಯ ಮಗ ಮಾಡಿದ್ದು. ಅಮ್ಮ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಿಯಾಗುತ್ತಿದ್ದಾರೆ, ಭಾನುವಾರ ಮನೆಯಲ್ಲಿ ಒಂದು ಕೂಟ, ಭಾವನೇ ಬಂದು ಫೋಟೋ ತೆಗೆಯಬೇಕು ಅಂದ. ಫೋನು ಇಟ್ಟ ಮೇಲೆ ಸ್ಟುಡಿಯೋದಲ್ಲಿ ಕತ್ತರಿಯ ಸದ್ದು ನಿಂತುಹೋಗಿತ್ತು.

ಯಾಕೆಂದರೆ ಅಕ್ಕ ತಂಗಿ ಮಾತು ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ತಂಗಿ, ಅಂದರೆ ಸತ್ಯಣ್ಣನ ಚಿಕ್ಕತ್ತೆ, ಮಗನ ಓದಿಗೆಂದು ತನ್ನ ಚಿನ್ನದ ಸರ ಮಾರಿ ಅದೇ ನಮೂನೆಯ ಗಿಲೀಟಿನದೊಂದು ಹಾಕಿಕೊಂಡಿದ್ದಳು. ಅದು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೆ. ಯಾವುದೋ ಸಮಾರಂಭದಲ್ಲಿ ಚಿಕ್ಕತ್ತೆಯ ಗಂಡನ ಕಡೆಯ ಹೆಂಗಸೊಬ್ಬಳು, ಸರ ಎಷ್ಟು ಚೆನ್ನಾಗಿದೆ, ಅಸಲಿ ತಾನೇ ಎಂದು ಅಕ್ಕನನ್ನು ಕೇಳಿದಳು. ಅಕ್ಕ ಬೇರೆ ಯಾವುದೋ ಧ್ಯಾನದಲ್ಲಿದ್ದವಳು, ಅಯ್ಯೋ ಇಲ್ಲ, ಗಿಲೀಟು ಅಂದುಬಿಟ್ಟಳು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಊಟಕ್ಕೂ ನಿಲ್ಲದೆ ಹೊರಟುಹೋದಳು. ಆಮೇಲೆ ಅವಳ ಮನೆಯಲ್ಲಿ ಏನೇನು ಅನ್ನಿಸಿಕೊಂಡಳೋ, ಅದು ಅವಳಿಗೇ ಗೊತ್ತು. ಅಕ್ಕ ಹೋದರೆ ಬಾಗಿಲು ತೆರೆಯಲಿಲ್ಲ, ಫೋನು ಮಾಡಿದರೆ ಎತ್ತಲಿಲ್ಲ. ಅತ್ತೆ ಎಲ್ಲದಕ್ಕೂ ತಮಾಷೆ ಮಾಡುವ ಹೆಂಗಸು, ಇದೊಂದಕ್ಕೆ ಮಾತ್ರ ಮಾಡುತ್ತಿರಲಿಲ್ಲ.

"ಅಳಿಯಂದಿರೇ, ಭಾನುವಾರ ಬೆಳಕು ಹಿಡಿಯೋಕೆ ಯಾರು ಬರ್ತಾರೆ?" ಎಂದು ಅತ್ತೆ ಕೇಳಿದರು.

ಬೆಳಕು ಹಿಡಿಯುವುದೆಂದರೆ ದೊಡ್ಡ ವಿದ್ಯೆಯೇನಲ್ಲ. ಬಾಗಿಲಗಲದ ಬಿಳೀ ಥರ್ಮಾಕೋಲ್ ಹಲಗೆಯೊಂದನ್ನು ಹಿಡಿದುಕೊಂಡು, ಕಿಟಕಿಯ ಬೆಳಕು ಅದಕ್ಕೆ ಬಡಿದು ಎದುರಿಗೆ ಕೂತವರ ಮುಖದ ಮೇಲೆ ಬೀಳುವ ಹಾಗೆ ನಿಲ್ಲುವುದು. ಈ ಕೆಲಸ ಹೆಂಡತಿಯದು. ಭಾನುವಾರ ತನಗೆ ಸ್ಟುಡಿಯೋದಲ್ಲಿ ಗಿರಾಕಿಗಳಿದ್ದಾರೆ ಎಂದು ಅವಳೇ ಥಟ್ಟನೆ ಹೇಳಿದಳು. ಇರಲಿಲ್ಲ. ಅದು ಸುಳ್ಳೆಂದು ಸತ್ಯಣ್ಣನಿಗೆ ಗೊತ್ತಿತ್ತು, ಹೇಳಲೆಂದು ಬಾಯಿಯನ್ನೂ ತೆರೆದ, ಅವಳ ಕಣ್ಣು ನೋಡಿ ಮುಚ್ಚಿದ.

ಹೀಗೆ ಕರೆಯದ ಮನೆಗೆ ಅತ್ತೆ ಕೆಲಸದವಳಾಗಿ ಹೊರಟರು. ದಾರಿಯುದ್ದಕ್ಕೂ ಥರ್ಮಾಕೋಲನ್ನು ಮಡಿಲ ಮಗುವಿನಂತೆ ಹಿಡಿದಿದ್ದರು. ಏನೂ ಬೇಡ, ಅವಳ ಜೊತೆ ಒಂದು ಫೋಟೋ ಇದ್ದರೆ ಸಾಕು, ಅಷ್ಟು ಸಿಕ್ಕರೆ ಅಷ್ಟೇ ಎಂದು ಒಮ್ಮೆ ಅಂದರು. ಸತ್ಯಣ್ಣನ ಮದುವೆಯಾದಾಗಿನಿಂದ ಆಕೆ ಅವನನ್ನು ಏನನ್ನೂ ಕೇಳಿದ್ದಿಲ್ಲ.

ಚಿಕ್ಕತ್ತೆಯ ಮನೆ ತುಂಬ ಜನ. ಆಸ್ಪತ್ರೆಯ ಗೆಳತಿಯರು, ಅಕ್ಕಪಕ್ಕದವರು, ಕಾಲಿಗೆ ಕಾಲು ಸಿಕ್ಕುವಷ್ಟು ಮಕ್ಕಳು. ಕಿಟಕಿಯ ಪಕ್ಕದ ಸೋಫಾದಲ್ಲಿ ಚಿಕ್ಕತ್ತೆ ಕೂತಿದ್ದರು. ಅತ್ತೆ ಒಳಗೆ ಬಂದದ್ದೇ ಥರ್ಮಾಕೋಲಿನ ಹಿಂದೆ. ನಿಂತದ್ದೂ ಅದರ ಹಿಂದೆಯೇ. ಮೇಲೆ ನೋಡಿದರೆ ತುರುಬಿನ ತುದಿ, ಕೆಳಗೆ ನೋಡಿದರೆ ಎರಡು ಪಾದ, ನಡುವೆ ಬೆಳ್ಳಗೆ ಬರೀ ಹಲಗೆ. ಸತ್ಯಣ್ಣ ಒಂದೊಂದೇ ಫೋಟೋ ತೆಗೆಯುತ್ತ ಹೋದ. ಗೆಳತಿಯರ ಜೊತೆ, ಮಗನ ಜೊತೆ, ಕೇಕಿನ ಜೊತೆ, ಮನೆಯ ಬೆಕ್ಕಿನ ಜೊತೆ. ಬೆಕ್ಕು ಕಣ್ಣು ಮುಚ್ಚಿತೆಂದು ಬೆಕ್ಕಿನ ಜೊತೆ ಇನ್ನೊಂದು. ಎಲ್ಲದರಲ್ಲೂ ಚಿಕ್ಕತ್ತೆಯ ನೋಟ ಕ್ಯಾಮೆರಾದಿಂದ ಜಾರಿ ನೆಲಕ್ಕೆ ಹೋಗುತ್ತಿತ್ತು. ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ಸತ್ಯಣ್ಣನ ಗಂಟಲೇ ಒಣಗಿತು. ಆಮೇಲೆ ಅವನಿಗೆ ಹೊಳೆಯಿತು: ಆಕೆ ನೋಡುತ್ತಿರುವುದು ಹಲಗೆಯ ಕೆಳಗಿನ ಪಾದಗಳನ್ನು. ಅತ್ತೆಯ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿರುತ್ತದೆ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರಿಗೆ ಗುರುತು ಹಿಡಿಯಲು ಮುಖ ಬೇಕೇ?

ಕೊನೆಗೆ ಚಿಕ್ಕತ್ತೆ ಯಾರ ಮುಖವನ್ನೂ ನೋಡದೆ ಹೇಳಿದರು. "ಬೆಳಕು ಹಿಡಿಯೋರಿಗೂ ಕೈ ನೋಯುತ್ತೆ. ಒಂದು ಗಳಿಗೆ ಕೂತ್ಕೊಳ್ಳಲಿ."

ಮಗ ಓಡಿಬಂದು ಹಲಗೆ ತೆಗೆದುಕೊಂಡ. ಮರೆ ಹೋದದ್ದೇ ಅತ್ತೆ ಎಲ್ಲಿ ನೋಡಬೇಕೆಂದು ತಿಳಿಯದೆ, ಸೋಫಾದ ಆ ತುದಿಗೆ ಹೋಗಿ ಅಂಚಿನಲ್ಲಿ ಕೂತರು. ಈ ತುದಿಯಲ್ಲಿ ತಂಗಿ, ಆ ತುದಿಯಲ್ಲಿ ಅಕ್ಕ, ನಡುವೆ ಇಬ್ಬರು ಕೂರುವಷ್ಟು ಜಾಗ.

"ಒಂದೇ ಒಂದು ತೆಗೀರಿ," ಎಂದರು ಚಿಕ್ಕತ್ತೆ.

ಸತ್ಯಣ್ಣ ಕ್ಯಾಮೆರಾ ಎತ್ತಿದ, ಗುಂಡಿ ಒತ್ತಿದ. ಕ್ಯಾಮೆರಾ ಒಮ್ಮೆ ಕಣ್ಣು ಪಿಳುಕಿಸಿ ಕಪ್ಪಾಯಿತು. ಬೆಕ್ಕಿಗೆ ಎರಡೆರಡು ಸಲ ದುಡಿದ ಕಂಪನಿಯ ಅಸಲಿ ಬ್ಯಾಟರಿ, ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು. ಚಾರ್ಜರು ಸ್ಟುಡಿಯೋದ ಗೋಡೆಯಲ್ಲಿತ್ತು.

ಮಗ ಪರವಾಗಿಲ್ಲ ಎಂದು ಮೊಬೈಲು ತೆಗೆದ. ಚಿಕ್ಕತ್ತೆ ಕೈ ಅಡ್ಡ ಹಿಡಿದು, ಮೊಬೈಲಲ್ಲಿ ಬೇಡ, ಬಿಡು, ಇನ್ನೊಂದು ಸಲ ನೋಡೋಣ ಎಂದರು. ಮೊಣಕಾಲ ಮೇಲೆ ಕೈಯೂರಿ ಏಳಲು ಹೊರಟರು. ಈ ಮನೆತನದಲ್ಲಿ ಇನ್ನೊಂದು ಸಲ ಅಂದರೆ ಎಷ್ಟು ದೂರವೆಂದು ಸತ್ಯಣ್ಣನಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವರ ಮುಖ ನೋಡಲಾರದೆ ಅವನು ಚೀಲಕ್ಕೆ ಕೈ ಹಾಕಿ ಸುಮ್ಮನೆ ತಡಕಾಡಿದ. ಪಕ್ಕದ ಜೇಬಿನಲ್ಲಿ ಬೇರೆಯವರ ಮನೆಯ ಕೂಸು ಕೈಗೆ ಸಿಕ್ಕಿತು. ಹೆಂಡತಿಯನ್ನು ಮನಸ್ಸಿನಲ್ಲೇ ಒಮ್ಮೆ ಬೈದ, ಒಮ್ಮೆ ಹೊಗಳಿದ, ಬ್ಯಾಟರಿ ಹಾಕಿದ.

ಕ್ಯಾಮೆರಾಕ್ಕೆ ಜೀವ ಬಂತು. ಆದರೆ ಅದೂ ಸತ್ಯಣ್ಣನ ಜಾತಿಯದೇ ನೋಡಿ, ಸುಮ್ಮನೆ ಕೆಲಸ ಶುರು ಮಾಡಲಿಲ್ಲ, ಪ್ರಶ್ನೆ ಕೇಳಿತು. ಈ ಬ್ಯಾಟರಿಯ ಮೇಲೆ ನಮ್ಮ ಕಂಪನಿಯ ಗುರುತು ಇದೆಯೇ? ಕೆಳಗೆ ಎರಡು ಚೌಕ: ಹೌದು, ಇಲ್ಲ. ಸತ್ಯಣ್ಣನ ಹೆಬ್ಬೆರಳು ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿತು. ಇಲ್ಲ ಎಂದು ಒತ್ತಿತು. ಕ್ಯಾಮೆರಾ ಆರಿಹೋಯಿತು. ಮತ್ತೆ ಹಚ್ಚಿದ. ಮತ್ತೆ ಅದೇ ಪ್ರಶ್ನೆ. ಮತ್ತೆ ಇಲ್ಲ. ಮತ್ತೆ ಕಪ್ಪು.

ಅರ್ಧ ಎದ್ದಿದ್ದ ಚಿಕ್ಕತ್ತೆ ಏನಾಯಿತೆಂದು ಕೇಳಿದರು. ಸತ್ಯಣ್ಣ ಇದ್ದದ್ದನ್ನು ಹೇಳಿದ. ಹೌದು ಅಂದರೆ ನಡೆಯುತ್ತದೆ, ಇಲ್ಲ ಅಂದರೆ ನಿಲ್ಲುತ್ತದೆ ಎಂದು.

"ನೀವೇನಂದ್ರಿ?"

"ಇಲ್ಲ ಅಂದೆ."

"ಎರಡು ಸಲಾನೂ?"

"ಹೌದು."

ಆ ಹೌದನ್ನು ಕ್ಯಾಮೆರಾಕ್ಕೆ ಹೇಳಬಾರದಾ ಭಾವ ಎಂದು ಮಗ ಹಣೆ ಚಚ್ಚಿಕೊಂಡ. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ನಗದೆ ಉಳಿದವರು ಅತ್ತೆಯೊಬ್ಬರೇ. ಅವರು ತಂಗಿಯ ಕಡೆ ತಿರುಗಲಿಲ್ಲ. ಗೋಡೆಗೆ ಒರಗಿಸಿದ್ದ ಬಿಳೀ ಹಲಗೆಯನ್ನೇ ನೋಡುತ್ತ ಮಾತಾಡಿದರು.

"ಹೌದು ಅನ್ನಿ, ಅಳಿಯಂದಿರೇ. ಆವತ್ತು ಇವಳ ಸರ ಅಸಲಿಯಾ ಅಂತ ಕೇಳಿದಾಗ ನಾನೂ ನಿಮ್ಮ ಹಾಗೇ ಇಲ್ಲ ಅಂದುಬಿಟ್ಟೆ. ನಿಜಾನೇ ಹೇಳಿದ್ದು. ಆ ನಿಜ ಯಾರ ಹೊಟ್ಟೆ ತುಂಬಿಸ್ತು? ನಾನು ತಂಗೀನ ಕಳ್ಕೊಂಡೆ. ಒಂದು ಹೌದು ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಸತ್ಯಣ್ಣ ಕ್ಯಾಮೆರಾ ಹಚ್ಚಿದ. ಅದು ಬಿಡದೆ ಕೇಳಿತು. ಅವನು ಹೆಬ್ಬೆರಳನ್ನು ಎಳೆದುಕೊಂಡು ಹೋಗಿ ಹೌದು ಎಂದು ಒತ್ತಿದ, ಜನ್ಮದಲ್ಲಿ ಮೊದಲ ಸುಳ್ಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಕ್ಯಾಮೆರಾ ಎಂದಿನ ಹಾಗೆ ಕಣ್ಣು ತೆರೆಯಿತು.

ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ಚಿಕ್ಕತ್ತೆ ಮತ್ತೆ ಕೂತಿದ್ದರು. ಕುತ್ತಿಗೆಗೆ ಕೈ ಹಾಕಿ ಬಟ್ಟೆಯ ಒಳಗಿಂದ ಸರವೊಂದನ್ನು ಹೊರಗೆಳೆದು ಎದೆಯ ಮೇಲೆ ಬಿಟ್ಟುಕೊಂಡರು. ಗಿಲೀಟು ಸವೆದು ಅಲ್ಲಲ್ಲಿ ತಾಮ್ರ ಕಾಣುತ್ತಿತ್ತು. ಇಷ್ಟು ವರ್ಷ ಆಕೆ ಅದನ್ನು ಬಿಚ್ಚಿಯೇ ಇರಲಿಲ್ಲ.

"ಇದೂ ಕಾಣೋ ಹಾಗೆ ತೆಗೀರಿ," ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಲ್ಲೇನು ಅಂಚಲ್ಲಿ ಕೂತಿದ್ದೀಯ, ಬಿದ್ದುಗಿದ್ದೀಯ. ಈಚೆ ಬಾ."

ಯಾರು ಯಾರ ಕಡೆ ಎಷ್ಟು ಸರಿದರೋ ಸತ್ಯಣ್ಣನಿಗೆ ತಿಳಿಯಲಿಲ್ಲ, ಅವನ ಕಣ್ಣು ಮಂಜಾಗಿತ್ತು. ಬೆರಳು ಮಾತ್ರ ತನ್ನ ಕೆಲಸ ಮಾಡುತ್ತ ಹೋಯಿತು. ಒಂದೇ ಒಂದು ಅಂದದ್ದನ್ನು ಚಿಕ್ಕತ್ತೆ ಮರೆತಿದ್ದರು. ಬೇರೆಯವರ ಮನೆಯ ಕೂಸು ಸಂಜೆಯ ತನಕ ದಣಿಯದೆ ದುಡಿಯಿತು.

ಆ ಫೋಟೋ ಈಗ ಸ್ಟುಡಿಯೋದ ಮುಂಭಾಗದಲ್ಲಿ ತೂಗುತ್ತಿದೆ. ಚಿಕ್ಕತ್ತೆಗೆ ನಿವೃತ್ತಿಯಾದ ಮೇಲೆ ಹೊತ್ತು ಹೋಗುವುದಿಲ್ಲವಂತೆ. ಮೂಲೆಯ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತು ಅವರೂ ಅಂಚು ಕತ್ತರಿಸುತ್ತಾರೆ, ಅಕ್ಕ ಕತ್ತರಿಸಿದ್ದು ಸೊಟ್ಟ ಎಂದು ಜಗಳವನ್ನೂ ಆಡುತ್ತಾರೆ. ಮೊನ್ನೆ ಪಾಸ್‌ಪೋರ್ಟ್ ಫೋಟೋಗೆ ಬಂದ ಹುಡುಗನೊಬ್ಬ ಆ ಚಿತ್ರವನ್ನು ತುಂಬ ಹೊತ್ತು ನೋಡಿ, ಆ ಅಮ್ಮನ ಕೊರಳಲ್ಲಿರುವುದು ಅಸಲಿ ಚಿನ್ನವೇ ಎಂದು ಕೇಳಿದ. ಕತ್ತರಿಗಳು ಎರಡೂ ನಿಂತವು.

"ಹೌದು," ಎಂದ ಸತ್ಯಣ್ಣ, ಲೆನ್ಸು ಒರೆಸುತ್ತ.

"ಅಪ್ಪಟ," ಎಂದರು ಅತ್ತೆ.

ಚಿಕ್ಕತ್ತೆ ಇಬ್ಬರನ್ನೂ ಒಮ್ಮೆ ನೋಡಿದರು. "ಗಿಲೀಟು ಕಣಪ್ಪ," ಎಂದರು ಹುಡುಗನಿಗೆ. "ಇವರ ಮಾತು ನಂಬಬೇಡ. ಇಬ್ಬರೂ ಸುಳ್ಳುಗಾರರು."

ಅತ್ತೆ ದೇವರ ಕಂಪನಿಯದಲ್ಲದ ಹಲ್ಲೆಲ್ಲ ಕಾಣುವ ಹಾಗೆ ನಕ್ಕರು. ಸುಳ್ಳುಗಾರ ಅನ್ನಿಸಿಕೊಂಡ ಸತ್ಯಣ್ಣನಿಗೆ ಆ ದಿನವಿಡೀ ಏನೋ ಸಂತೋಷ.