ಹೊಯಿಗೆ ಇಲ್ಲದ ಚಿಪ್ಪು

“ನೋಡಿ ಮೇಡಂ, ಹೊಳೆ ಸತ್ತಿದೆ ಅಂತ ಇವರ ದೂರು. ಸತ್ತ ಹೊಳೆಯಲ್ಲಿ ಇಷ್ಟು ಚಿಪ್ಪು ಸಿಗುತ್ತಾ?” ಎಂದ ಹೃಷಿಕೇಶ, ದೋಣಿಯಲ್ಲಿ ಕುಳಿತು ಬುಟ್ಟಿ ಎತ್ತಿ ತೋರಿಸುತ್ತ.

ಮೀನಿನ ಹಿಟ್ಟು ಮಾಡುವ ದೊಡ್ಡ ಕಂಪೆನಿಯ ಮ್ಯಾನೇಜರು ಅವನು. ಕಂಪೆನಿ ಕೊಳಕು ನೀರು ಬಿಟ್ಟು ಬೈಂದೂರು ಕಡೆಯ ಈ ಹೊಳೆಯ ಚಿಪ್ಪನ್ನೆಲ್ಲ ಕೊಂದಿತೆಂದು ಚಿಪ್ಪು ಹೆಕ್ಕಿ ಮಾರುತ್ತಿದ್ದ ವನಜ ಮತ್ತು ಹತ್ತು ಹೆಂಗಸರು ದಾವೆ ಹೂಡಿ ಆರು ವರ್ಷ. ಟಿವಿಯವರೂ ಬಂದು ಹೋದರು. ಕಂಪೆನಿಯ ವಕೀಲರು ಬೆಂಗಳೂರಿನಿಂದ ವಿಮಾನದಲ್ಲಿ ಬಂದು, ವಾಯಿದೆ ಕೇಳಿ, ವಿಮಾನದಲ್ಲೇ ಹೋಗುತ್ತಿದ್ದರು. ಬರೀ ವಾಯಿದೆ ಕೇಳುವುದಕ್ಕೆ ಅಷ್ಟು ದೂರದಿಂದ ಹಾರಿ ಬರುವ ಜಾತಿಯನ್ನು ಊರು ನೋಡಿರಲಿಲ್ಲ. ಕೊನೆಗೆ ಕೋರ್ಟು ಸ್ಥಳ ನೋಡಲು ಕುಂದಾಪುರದ ವಕೀಲೆ ಶ್ರೀಲತಾರನ್ನು ಕಮಿಷನರಾಗಿ ಕಳಿಸಿತ್ತು. ಹೊಳೆಯಲ್ಲಿ ಜೀವ ಇದೆಯೆಂದು ಅವರು ಬರೆದರೆ ದಾವೆ ಅಲ್ಲಿಗೆ ಮುಗಿದಂತೆ.

ಜಾಗ ತೋರಿಸಿದವನು ಹೃಷಿಕೇಶನೇ. ಕಂಪೆನಿ ಬಾಡಿಗೆಗೆ ಹಿಡಿದ ದೋಣಿ ನಡೆಸುವ ಗುಡ್ಡ ಎಂಬವನು ಅಲ್ಲಿ ಕೆಸರು ಕೆದಕಿ ಬುಟ್ಟಿ ತುಂಬಿಸಿದ್ದ. ಶ್ರೀಲತಾ ಬರೆಯತೊಡಗಿದ್ದರು.

“ಒಂದ್ ಗಳಿಗೆ ನಿಲ್ಲಿ ಅಮ್ಮ,” ಎಂದಳು ವನಜ. “ನಾನೊಂದ್ ಒಡ್ದ್ ಕಾಣ್ತೆ.”

“ಇವರಿಗೆ ಈಗಲೇ ಅಡುಗೆಯ ಆತುರ!” ಹೃಷಿಕೇಶ ನಕ್ಕ.

“ಹೌದ್ ಮಾರಾಯ್ರೆ. ಆರ್ ವರ್ಷ ಆಯ್ತ್, ಈ ಹೊಳಿ ಚಿಪ್ಪಿನ ಸಾರ್ ಉಣ್ದೆ.”

ಕತ್ತಿಯ ತುದಿಯನ್ನು ಸಂದಿಗಿಟ್ಟು ತಿರುವಿದಳು. ಚಿಪ್ಪು ಬಾಯಿ ಬಿಟ್ಟಿತು. ಮಾಂಸವನ್ನು ಹೆಬ್ಬೆರಳಲ್ಲಿ ತಿಕ್ಕಿದಳು. ಇನ್ನೂ ಎರಡು ಒಡೆದು ತಿಕ್ಕಿ, ನಾಲ್ಕನೆಯದನ್ನು ಕಮಿಷನರ ಅಂಗೈಗೇ ಹಾಕಿದಳು.

“ತಿಕ್ಕಿ ಕಾಣಿ. ಹೊಯ್ಗಿ ಸಿಕ್ತಾ?”

“ಇಲ್ಲ, ಮರಳೇ ಇಲ್ಲ.”

“ಹೊಳಿಯಿಂದ ಈಗ ತೆಗ್ದ ಚಿಪ್ಪಿನ ಹೊಟ್ಟಿ ತುಂಬ ಹೊಯ್ಗಿ ಇರ್ತ್. ಪ್ಯಾಟಿಗೆ ಕೊಡುಕ್ ಮೊದ್ಲ್ ನಾವ್ ಒಂದ್ ರಾತ್ರಿ ಉಪ್ಪ್ ನೀರಂಗೆ ಇಟ್ಟ್ ಕಕ್ಕಿಸ್ತೊ. ಇಲ್ದಿರೆ ಸಾರ್ ಉಂಬತಿಗೆ ಹಲ್ಲಿಗೆ ಕರಕರ. ಇದ್ ಕಕ್ಕಿಸಿ ಆದ ಚಿಪ್ಪ್, ಪ್ಯಾಟಿದ್. ಹ್ವಾಯ್ ಮ್ಯಾನೇಜರೆ, ಸುಳ್ಳ್ ಹೇಳುಕೂ ನಿಮ್ಗೆ ತೊಳ್ದ ಚಿಪ್ಪೇ ಬೇಕಾ?”

“ಇದೆಲ್ಲ ಅವೈಜ್ಞಾನಿಕ ಮಾತು ಮೇಡಂ. ನಮ್ಮ ತಜ್ಞರ ವರದಿ ಇನ್ನೂರು ಪುಟ ಇದೆ.”

“ಇನ್ನೂರ್ ಪುಟದಂಗೆ ಚಿಪ್ಪ್ ಎಲ್ಲಿ ಮಲಗ್ತ್, ಎಂತ ತಿಂತ್ ಅಂತ ಒಂದ್ ಗೆರೆ ಇಲ್ಲೆ ಅಲ್ದಾ?”

ಶ್ರೀಲತಾ ಪೆನ್ನು ಕೆಳಗಿಟ್ಟರು. “ಗುಡ್ಡ, ಈಗ ವನಜಕ್ಕ ಹೇಳುವ ಕಡೆ ತೆಗಿ.”

ವನಜ ಬೆರಳು ತೋರಿದ ಕಡೆ, ಮಾರು ದೂರದಲ್ಲಿ, ಗುಡ್ಡ ಕೆಸರು ಕೆದಕಿದ. ಕಪ್ಪು ಲೋಳೆ ಬಂತು, ಜೊತೆಗೆ ಖಾಲಿ ಸಿಪ್ಪೆಗಳು. ನಾತಕ್ಕೆ ಎಲ್ಲರಿಗಿಂತ ಮೊದಲು ಮೂಗು ಮುಚ್ಚಿದವನು ಹೃಷಿಕೇಶ. ಸಂಬಳ ಕೊಡುವ ನಾತ, ಪಾಪ, ಆಫೀಸಿನವರೆಗೆ ಬರುವುದಿಲ್ಲವಲ್ಲ.

“ಬೆಳಿಗ್ಗೆ ನಿನ್ನ ದೋಣಿ ಎಲ್ಲಿಗೆ ಹೋಗಿತ್ತು?” ಶ್ರೀಲತಾ ಕೇಳಿದರು.

ಗುಡ್ಡ ಮ್ಯಾನೇಜರನ್ನು ನೋಡಿದ. ವನಜಳನ್ನು ನೋಡಿದ.

“ಇಲ್ಲಿಗೇ ಅಮ್ಮ. ಎರಡ್ ಗೋಣಿ ಚಿಪ್ಪ್ ಚೆಲ್ಲುಕೆ.”

“ನಿನ್ನ ಬಾಡಿಗೆ ಇವತ್ತಿಗೇ ಬಂದ್,” ಎಂದ ಹೃಷಿಕೇಶ.

“ಆಯ್ಲಿ ಸಾರ್. ನಿಮ್ಮನ್ನ್ ದಡಕ್ಕೆ ಬಿಟ್ಟೇ ಹೋತೆ. ನಡು ಹೊಳ್ಯಂಗೆ ಇಳ್ಸುದಿಲ್ಲೆ.”

ಶ್ರೀಲತಾ ಮೊದಲು ಬರೆದ ಸಾಲನ್ನು ಹೊಡೆದು ಹಾಕಿ ಹೊಸದಾಗಿ ಬರೆಯಲು ಕುಳಿತರು. ಗುಡ್ಡ ದೋಣಿ ತಿರುಗಿಸಿದಾಗ ಒಂದು ಬೊಗಸೆ ಹೊಳೆ ನೀರು ಹಾರಿ ಹೃಷಿಕೇಶನ ಶೂ ಮೇಲೆ ಬಿತ್ತು. ಅವನು ಗಡಿಬಿಡಿಯಿಂದ ಎರಡೂ ಕಾಲನ್ನು ಹಲಗೆಯ ಮೇಲೆತ್ತಿಕೊಂಡು, ಕುಡಿಯುವ ನೀರಿನ ಬಾಟಲಿ ಬಿಚ್ಚಿ, ಶೂ ತೊಳೆಯತೊಡಗಿದ.