ಬಲ್ತಜಾರನ ಬಾಗಿಲಿನ ಪರದೆ

ಸತ್ತವರ ಹಬ್ಬ ಹತ್ತಿರ ಬಂದಿತ್ತು. ಲಿಸ್ಬನ್ನಿನ ಪ್ರಜೇರಿಶ್ ಸ್ಮಶಾನದ ತುಂಬ ಹೆಂಗಸರು ತಮ್ಮ ಮನೆತನದ ಗೋರಿಮನೆಗಳ ಬೀಗ ತೆಗೆದು, ಕಲ್ಲು ತೊಳೆದು, ಗಾಜಿನ ಬಾಗಿಲಿಗೆ ಹೊಸ ಕಸೂತಿ ಪರದೆ ಕಟ್ಟುತ್ತಿದ್ದರು. ಎತೆಲ್ವೀನಾ ತಂದದ್ದು ಮಾತ್ರ ಕಂಬಳಿಯಷ್ಟು ದಪ್ಪದ್ದು.

“ಇದೇನೇ ಇದು?” ಎಂದಳು ಗಂಡನ ಅಕ್ಕ ಫೆಲಿಜ್ಮೀನಾ, ತಾನು ತಂದ ತೆಳು ಪರದೆ ಕೊಡವುತ್ತ. “ನನ್ನ ತಮ್ಮನಿಗೆ ಉಸಿರು ಕಟ್ಟಲ್ವಾ?”

“ಅದು ಕಟ್ಟಿ ಆರು ವರ್ಷ ಆಯ್ತಲ್ಲ, ಅತ್ತಿಗೆ.”

ದಪ್ಪ ಪರದೆಯ ಕಾರಣ ಎದುರಿಗೇ ನಿಂತಿತ್ತು: ನಟಿ ಕಾರ್ಲೋಟಾಳ ಸಮಾಧಿಯ ಮೇಲೆ ಅವಳದೇ ಅಮೃತಶಿಲೆಯ ಪ್ರತಿಮೆ. ಒಂದು ಭುಜದಿಂದ ಉಡುಪು ಜಾರಿದೆ. ಪಾದದ ಬಳಿ ಅಭಿಮಾನಿಗಳಿಟ್ಟ ಕೆಂಪು ಹೂವಿನ ರಾಶಿ. ಗಂಡ ಬಲ್ತಜಾರ್ ಬದುಕಿದ್ದಾಗ ಶನಿವಾರ ಬಂದರೆ ಸಾಕು, ಮೀಸೆ ತಿರುವಿಕೊಂಡು ಅವಳ ನಾಟಕಕ್ಕೆ ಹೊರಡುತ್ತಿದ್ದ, ಒಬ್ಬನೇ. ಹೆಂಡತಿಯ ಹೊಸ ಉಡುಪು ಒಂದು ದಿನವೂ ಅವನ ಕಣ್ಣಿಗೆ ಬಿದ್ದದ್ದಿಲ್ಲ. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿಯೂ ಅವನ ನೋಟದ ದಾರಿಯಲ್ಲಿ ತಾನು ಇರಲೇ ಇಲ್ಲವೆಂಬುದು ಹಲ್ಲಿನ ಸಂದಿಯ ನಾರಿನಂತೆ ಎತೆಲ್ವೀನಾಳನ್ನು ಕಾಡುತ್ತಿತ್ತು.

ಗೋರಿಮನೆಯೊಳಗೆ ಶವಪೆಟ್ಟಿಗೆ ಇಡುವ ಹಲಗೆ ಎರಡೇ ಖಾಲಿ ಉಳಿದಿದ್ದವು. ಒಂದು ಒಳಗೋಡೆಗೆ, ಅತ್ತೆಯ ಪಕ್ಕದಲ್ಲಿ. ಇನ್ನೊಂದು ಬಲ್ತಜಾರನಿಗೂ ಬಾಗಿಲಿಗೂ ನಡುವೆ. ಅದು ತನಗೇ ಬೇಕು. ಆದರೆ ತಾನು ಬೇಕೆಂದದ್ದನ್ನು ಅತ್ತಿಗೆ ಎಂದಾದರೂ ಬಿಟ್ಟುಕೊಟ್ಟದ್ದುಂಟೇ?

ಎತೆಲ್ವೀನಾ ಒಣಗಿದ ಕಣ್ಣನ್ನೇ ಒರೆಸಿಕೊಂಡಳು. “ಅತ್ತಿಗೆ, ಇವತ್ತೇ ಹೇಳಿಬಿಡ್ತೀನಿ. ನನಗೆ ಅತ್ತೆ ಪಕ್ಕದ ಜಾಗ ಬೇಕು. ಹೆತ್ತ ಮಗಳ ಥರ ನೋಡ್ಕೊಂಡ್ರು ನನ್ನ.”

“ನಿನ್ನನ್ನಾ? ನೀನು ಮಾಡಿದ ಮೀನಿನ ಸಾರು ಬೆಕ್ಕಿಗೆ ಹಾಕ್ತಿದ್ರು!”

“ಪ್ರೀತಿಯಿಂದಲೇ ಹಾಕ್ತಿದ್ರು.”

“ಹೆತ್ತ ಮಗಳು ನಾನು ಗುಂಡುಕಲ್ಲಿನ ಹಾಗೆ ಇರುವಾಗ ಅಮ್ಮನ ಪಕ್ಕ ಸೊಸೆ ಮಲಗೋದಾ? ಬಾಗಿಲ ಹತ್ರ ಬಿದ್ಕೋ ನೀನು.”

“ಅಲ್ಲಿ ಥಂಡಿ ಗಾಳಿ, ಅತ್ತಿಗೆ...”

“ಹೊದ್ಕೊಂಡು ಮಲ್ಕೋ!”

ಎಲ್ಲಿ ಇವಳು ಮತ್ತೆ ಹಟ ಹಿಡಿಯುತ್ತಾಳೋ ಎಂದು ಫೆಲಿಜ್ಮೀನಾ ಜಾಗವನ್ನು ಆಗಲೇ ಬರೆಸಿಬಿಡಲು ಸ್ಮಶಾನದ ಕಚೇರಿಯತ್ತ ದಾಪುಗಾಲು ಹಾಕಿದಳು.

ಅವಳು ಮರೆಯಾಗುವವರೆಗೆ ಎತೆಲ್ವೀನಾ ಮುಖ ಸಪ್ಪೆ ಮಾಡಿಕೊಂಡೇ ನಿಂತಿದ್ದಳು. ಆಮೇಲೆ ದಪ್ಪ ಪರದೆಯನ್ನು ಮಡಚಿ ಚೀಲಕ್ಕೆ ತುರುಕಿ, ಅತ್ತಿಗೆಯ ತೆಳು ಪರದೆಯನ್ನೇ ಕಟ್ಟಿದಳು. ಬಿಸಿಲು ನೇರ ಗಂಡನ ಪೆಟ್ಟಿಗೆಯ ಮೇಲೆ ಬಿತ್ತು. ಅದನ್ನು ಮೆಲ್ಲಗೆ ತಟ್ಟಿದಳು.

“ನೋಡ್ಕೊಳ್ಳಿ, ಕಣ್ತುಂಬ ನೋಡ್ಕೊಳ್ಳಿ. ನಾನು ಬರೋವರೆಗೆ.”